ಗಾಡಿ ತರ್ಲಿ, ಕಳಸ್ತೇವಿ

ಹತ್ತೊಂಬತ್ತುನೂರ ಎಂಬತ್ತೆರಡನೆಯ ಇಸವಿ ಫೆಬ್ರುವರಿ ಏಳನೆಯ ತಾರೀಖು, ರವಿವಾರ, ಬೆಳಗಿನ ಹತ್ತೂಕಾಲು ಗಂಟೆಗೆ ಇಳಕಲ್ಲಿನ ನಮ್ಮ ಓಣಿಗೆ ಒಂದು ಕಾರಿನ ಬಾಗಿಲಿನ ಹಿಡಿಕೆ ಬಂದು ಮುಟ್ಟಿತು. ಉದ್ದ ನಾಲ್ಕೂವರೆ ಅಂಗುಲ, ತೂಕ ಒಂದು ಎಳೆಯ ಬದನೆಕಾಯಿಯಷ್ಟು. ಈ ಸೀಮೆಯ ಚರಿತ್ರೆ ಬರೆಯುವವರು ಚಾಲುಕ್ಯರಿಗೆ ನೂರು ಪುಟ ಕೊಟ್ಟಿದ್ದಾರೆ, ಕೊಡಲಿ. ಈ ಹಿಡಿಕೆಗೂ ಒಂದು ಸಾಲು ಕೊಡಬೇಕೆಂದು ನನ್ನ ವಿನಂತಿ. ಯಾಕೆಂದರೆ ಅದು ಬಂದ ಮೇಲೆ, ತನ್ನ ಹೆಂಡತಿಯನ್ನು ಕರೆಯಲು ಹೋಗದೆ ಇರಲಿಕ್ಕೆ ಕಳಕಪ್ಪನಿಗೆ ಯಾವ ಕಾರಣವೂ ಉಳಿಯಲಿಲ್ಲ.

ಕಳಕಪ್ಪ ನಮ್ಮ ಎದುರು ಮನೆಯವನು, ನೇಕಾರ. ಇಳಕಲ್ಲಿನಲ್ಲಿ ಒಬ್ಬನನ್ನು ನೇಕಾರನೆಂದು ಪರಿಚಯಿಸುವುದು ಹೊಳೆಯೊಳಗಿನ ಮೀನನ್ನು ಈಜುಗಾರನೆಂದು ಪರಿಚಯಿಸಿದ ಹಾಗೆ. ಆದರೂ ಹೇಳಬೇಕು, ಯಾಕೆಂದರೆ ಅವನು ಮಾಡಿದ್ದೆಲ್ಲ ನೇಕಾರನಾಗಿಯೇ ಮಾಡಿದ, ಕಾರಿನ ರಿಪೇರಿಯನ್ನೂ.

ಕಾರು ಬಂದದ್ದು ಎಪ್ಪತ್ತಮೂರರ ಡಿಸೆಂಬರಿನಲ್ಲಿ. ಹುನಗುಂದದಲ್ಲಿ ಒಬ್ಬ ವಕೀಲರು ತೀರಿಕೊಂಡಿದ್ದರು. ಅವರ ಹೆಂಡತಿ ಮಗಳ ಮನೆಗೆ, ಸೊಲ್ಲಾಪುರಕ್ಕೆ, ಹೊರಟಿದ್ದರು. ಹಿತ್ತಲಿನ ಬೇವಿನ ಮರದ ಕೆಳಗೆ ಹತ್ತು ವರ್ಷದಿಂದ ನಿಂತಿದ್ದ ಕಾರನ್ನು ಸೊಲ್ಲಾಪುರಕ್ಕೆ ಒಯ್ಯುವ ಮನಸ್ಸು ಅವರಿಗಿರಲಿಲ್ಲ, ಕಾರಿಗೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಕೋಳಿಗಳು ತತ್ತಿ ಇಡುತ್ತಿದ್ದವು. ಮೂತಿಯ ಮೇಲಿನ ಹೆಸರು ಉದುರಿಹೋಗಿ ಎರಡು ತೂತು ಮಾತ್ರ ಉಳಿದಿದ್ದವು. ಸೀರೆ ಕೊಡಲು ಹೋಗಿದ್ದ ಕಳಕಪ್ಪ ಅದರ ಸುತ್ತ ಮೂರು ಸಲ ಸುತ್ತಿದ. ಸುತ್ತಿದ ಮೇಲೆ ಮನೆಯಿಂದ ಒಂದು ಸೀರೆ ತಂದು ಕೊಟ್ಟು ಕಾರು ತಗೊಂಡ.

ಕೊಟ್ಟ ಸೀರೆ ಅವನದಾಗಿರಲಿಲ್ಲ. ಅವನ ಹೆಂಡತಿ ಯಮನವ್ವ ಗಿರಾಕಿಗಳ ಕೆಲಸದ ನಡುವೆ ಹೊತ್ತು ಸಿಕ್ಕಾಗ, ಉಳಿದ ರೇಷ್ಮೆ ಕೂಡಿಸಿ ಕೂಡಿಸಿ, ಒಂದು ವರ್ಷ ಕೂತು ತನಗಾಗಿ ನೇಯ್ದುಕೊಂಡದ್ದು ಅದು. ಪೂರ್ತಿ ರೇಷ್ಮೆ, ಅಂಚಿಗೆ ಗೋಮಿ ನಕ್ಷೆಯ ದಡಿ, ಕೆಂಪು ಸೆರಗು. ಊರ ತುಂಬ ಸೀರೆ ನೇಯುವ ಹೆಂಗಸರು ರೇಷ್ಮೆ ಉಡುವುದು ಅಪರೂಪ. ಯಮನವ್ವನೂ ಉಡಲಿಲ್ಲ. ಒಂದು ಸಲ ಹೆಗಲ ಮೇಲೆ ಹಾಕಿಕೊಂಡು ನನ್ನ ಹೆಂಡತಿಗೆ ತೋರಿಸಿದ್ದಳು, ಅಷ್ಟೇ.

ಕಾರು ಹುನಗುಂದದಿಂದ ಇಳಕಲ್ಲಿಗೆ ಎಂಟು ಮೈಲಿ ಬಂದದ್ದು ಎರಡು ಎತ್ತುಗಳ ಹಿಂದೆ. ಮುಂದಿನ ಬಂಪರಿಗೆ ಹಗ್ಗ, ಸ್ಟೇರಿಂಗ್ ಹಿಡಿದು ಒಳಗೆ ಕಳಕಪ್ಪ. ಓಣಿಯ ಜನ ಕಟ್ಟೆಗಳ ಮೇಲೆ ಬಂದು ನಿಂತರು.

"ಏನಪಾ ಕಳಕಪ್ಪ, ಇದಕ್ಕ ಪೆಟ್ರೋಲೋ, ಹೊಟ್ಟೋ?" ಅಂತ ಯಾರೋ ಕೇಳಿದರು.

ಆ ಹೊತ್ತಿಗೆ ಅದು ನಗುವ ಮಾತಾಗಿತ್ತು.

ರಿಪೇರಿಯ ವಿದ್ಯೆಗೆ ಗುರು ಬೇಕಲ್ಲ. ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಖಾಸಿಂಸಾಬ ಬಂದು ನೋಡಿ, "ಲೇ ಕಳಕ್ಯಾ, ಇದರ ಬ್ಯಾನಿ ಎಲ್ಲಾ ಹೊಟ್ಯಾಗೈತಿ. ಕೆಳಗ ಹೊಕ್ಕು ನೋಡಬೇಕಂದ್ರ ಒಂದು ಕುಣಿ ಬೇಕು," ಅಂದ.

ಕುಣಿ ಮನೆಯಲ್ಲೇ ಇತ್ತು. ನಮ್ಮ ಕಡೆಯ ಮಗ್ಗ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯಬೇಕು. ಕಳಕಪ್ಪನ ಅಜ್ಜ ತೋಡಿದ ಕುಣಿ ಪಡಸಾಲೆಯ ನಟ್ಟನಡುವೆ ಇತ್ತು. ಅವನು ಮಗ್ಗವನ್ನು ಕಿತ್ತು ಗೋಡೆಗೆ ಆನಿಸಿದ. ಬೀದಿಯ ಕಡೆಯ ಮಣ್ಣಿನ ಗೋಡೆ ಒಡೆದ. ಕುಣಿಯನ್ನು ಒಂದು ಮೊಳ ಆಳ ಮಾಡಿ, ಅದರ ಎರಡೂ ಮಗ್ಗುಲಿಗೆ ಗಾಲಿ ಬರುವ ಹಾಗೆ ಕಾರನ್ನು ಒಳಗೆ ತಳ್ಳಿಸಿದ. ಕುಕ್ಕರುಗಾಲಲ್ಲಿ ಕೂತರೆ ತಲೆ ಸರಿಯಾಗಿ ಎಂಜಿನ್ನಿನ ಹೊಟ್ಟೆಗೆ ಮುಟ್ಟುತ್ತಿತ್ತು. ಅಜ್ಜ ಎಷ್ಟು ಮುಂದಾಲೋಚನೆ ಮಾಡಿದ್ದ ನೋಡ್ರಿ ಅಂತ ನನಗೆ ಕರೆದು ತೋರಿಸಿದ.

ಸೀರೆಯ ವಿಷಯಕ್ಕೆ ಒಂದು ವಾರ ಬಾಯಿ ಬಿಡದಿದ್ದ ಯಮನವ್ವ, ಕುಣಿಯಲ್ಲಿ ಸುಟ್ಟ ಆಯಿಲ್ ಬಿದ್ದ ದಿನ ಮಾತಾಡಿದಳು. "ಅನ್ನ ಹಾಕಿದ ಕುಣಿರಿ ಅದು," ಅಂದಳು. ತವರಿಗೆ ಸುದ್ದಿ ಹೋಯಿತು. ಐಹೊಳೆಯಿಂದ ಅವಳ ಅಪ್ಪ ರಾಮಲಿಂಗಪ್ಪ ಎತ್ತಿನ ಚಕ್ಕಡಿ ಕಟ್ಟಿಕೊಂಡು ಬಂದ, ಗೋಡೆಗೆ ಆನಿಸಿದ್ದ ಮಗ್ಗದ ಒಂದೊಂದು ಕಟ್ಟಿಗೆಯನ್ನೂ ಹೇರಿದ. ಮಗ್ಗ ಯಮನವ್ವನ ಮದುವೆಯಲ್ಲಿ ಅವನೇ ಮಾಡಿಸಿಕೊಟ್ಟದ್ದು. ಅದರ ಮೇಲೆ ಮಗಳು ಕೂತಳು, ಚಕ್ಕಡಿ ಹೊರಟಿತು. ಮಕ್ಕಳಿಲ್ಲದ ಮನೆ, ಹೇರಲಿಕ್ಕೆ ಬೇರೆ ಏನೂ ಇರಲಿಲ್ಲ.

ಅಷ್ಟು ಹೊತ್ತು ಕಳಕಪ್ಪ ಕುಣಿಯೊಳಗಿದ್ದ. ಹೊರಗೆ ಬಂದಿದ್ದರೆ ಏನಾದರೂ ಅನ್ನಬೇಕಾಗುತ್ತಿತ್ತು.

ಇದಾದ ತಿಂಗಳಿಗೆ, ಎಪ್ಪತ್ನಾಲ್ಕರ ಜನವರಿಯಲ್ಲಿ, ನಾನು ಏಳನೆಯ ಇಯತ್ತೆಯ ಹುಡುಗರನ್ನು ಕರಕೊಂಡು ಐಹೊಳೆಗೆ ಟ್ರಿಪ್ ಹೋದೆ. ನಾನು ಸಾಲಿ ಮಾಸ್ತರ. ವರ್ಷಕ್ಕೊಮ್ಮೆ ಹುಡುಗರಿಗೆ ಗುಡಿ ತೋರಿಸುವುದು, ಅವರು ಗುಡಿ ಬಿಟ್ಟು ಮಂಗ್ಯಾಗಳನ್ನು ನೋಡುವುದು ನಮ್ಮ ಪದ್ಧತಿ. ರಾಮಲಿಂಗಪ್ಪ ಅರ್ಧ ದಿನ ನೇಯುತ್ತಿದ್ದ, ಅರ್ಧ ದಿನ ಬಂದವರಿಗೆ ಗುಡಿ ತೋರಿಸುತ್ತಿದ್ದ. ಗುಡಿಯ ನೆರಳಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ ಕೇಳಿದ.

"ಅಂವಾ ಹ್ಯಾಂಗದಾನ್ರಿ, ಮಾಸ್ತರ್ರ?"

"ಅದಾನ್ರಿ. ರೊಟ್ಟಿ ತಾನ ಬಡ್ಕೋತಾನ. ಒಂದು ಕಡಿ ದಪ್ಪ, ಒಂದು ಕಡಿ ಸುಟ್ಟಿರ್ತಾವು."

ಮುದುಕ ನಗಲಿಲ್ಲ. "ಹೆಣ್ಣಮಗಳ ಸಿಟ್ಟು ಎಷ್ಟು ದಿನರಿ. ಗಂಡ ಬಂದು ಕರದ್ರ ಹೋಗಾಕೆ. ನಾವು ಕರೀಲಾರದ ಕಳಸೂದು ರೀತಿ ಅಲ್ಲ. ಅವಗ ಹೇಳ್ರಿ, ಗಾಡಿ ತರ್ಲಿ, ಕಳಸ್ತೇವಿ."

ನಾನು ಮಾತಿನ ವಿಷಯದಲ್ಲಿ ಕಟ್ಟುನಿಟ್ಟಿನವನು. ಆ ದಿನ ಸಂಜೆಯೇ ಕುಣಿಯ ಅಂಚಿಗೆ ನಿಂತು, ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಹೇಳಿದೆ: "ಗಾಡಿ ತರ್ಲಿ, ಕಳಸ್ತೇವಿ ಅಂದಾರ." ಎಡವಟ್ಟಾದದ್ದು ಅಲ್ಲೇ.

ಕಳಕಪ್ಪ ಕುಣಿಯಿಂದ ಮೇಲೆ ಬಂದ. ಕೈ ಒರೆಸಿಕೊಂಡ. "ಗಾಡಿ ಅಂದ್ರಾ?"

"ಗಾಡಿ ಅಂದ್ರು."

ಕಾರಿನ ಕಡೆ ನೋಡಿದ. ಅದಕ್ಕೆ ಆಗ ಎಂಜಿನ್ ಒಳಗಿರಲಿಲ್ಲ, ಅಡಿಗೆ ಮನೆಯಲ್ಲಿ ಒಲೆಯ ಹತ್ತಿರ ಗೋಣಿಯ ಮೇಲೆ ಮಲಗಿತ್ತು. "ಖರೆ ಮಾತರಿ," ಅಂದ. "ಗಾಡಿ ಸಲುವಾಗಿ ಹೋಗ್ಯಾಳ, ಗಾಡಿಯೊಳಗ ಬರಬೇಕು. ಅದು ನ್ಯಾಯ. ಬರೇ ಕೈಲೆ ಹ್ಯಾಂಗ ಹೋಗ್ಲಿ? ಎರಡ ತಿಂಗಳು ಬೇಕ್ರಿ, ಮಾಸ್ತರ."

ಹೀಗೆ ಶುರುವಾಯಿತು. ಹಗಲೆಲ್ಲ ಬೇರೆಯವರ ಮನೆಯ ಮಗ್ಗದ ಮೇಲೆ ಮಜೂರಿಗೆ ಕೂತು, ಮುಂಜಾನೆ ಸಂಜೆ ಒಂದೊಂದು ತಾಸು, ರವಿವಾರ ಪೂರಾ, ಕಳಕಪ್ಪ ಕಾರಿನ ಕೆಳಗಿರುತ್ತಿದ್ದ. ಓಣಿಯವರಿಗೆ ಅವನ ಮಾರಿ ಮರೆತೇ ಹೋಯಿತು. ಕಾರಿನ ಬುಡದಿಂದ ಬರುವ ದನಿಯ ಜೊತೆ ಮಾತಾಡುತ್ತಿದ್ದರು. "ಕಳಕಪ್ಪ, ಉಂಡಿ?" ಅಂದರೆ, "ಹ್ಞೂಂ, ಉಂಡೆ" ಅಂತ ಸೈಲೆನ್ಸರ್ ಹೇಳುತ್ತಿತ್ತು. ಅದು ಖರೆಯೋ ಸುಳ್ಳೋ, ಬಗ್ಗಿ ನೋಡಿದವರಿಲ್ಲ.

ಸಾಮಾನು ಸಿಗುವ ಕಾರು ಅದಲ್ಲ. ಸಿಗದೆ ಇದ್ದದ್ದನ್ನು ಅವನು ತನಗೆ ಬರುವ ವಿದ್ಯೆಯಿಂದ ಮಾಡಿದ. ವೈರುಗಳನ್ನು ಜೋಡಿಸಲಿಕ್ಕೆ, ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ನಾವು ಎಳೆಗೆ ಎಳೆ ಕೊಂಡಿ ಹಾಕುತ್ತೇವಲ್ಲ, ಆ ಕೊಂಡಿ ಹಾಕಿದ. ಎಂಜಿನ್ನಿನ ಸಂದಿಗೆ ಇಡುವ ಪ್ಯಾಕಿಂಗನ್ನು ದಡಿಯ ನಕ್ಷೆ ತೆಗೆಯುವ ಜಕಾರ್ಡಿನ ರಟ್ಟಿನಿಂದ ಕತ್ತರಿಸಿದ. ರಟ್ಟಿನ ತುಂಬ ತೂತು.

ಖಾಸಿಂಸಾಬ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಲೇ, ಇದು ಚಾಲೂ ಆದ್ರ ಹೊಗಿ ಬರ್ತೈತೋ, ದಡಿ ಬರ್ತೈತೋ?"

"ಎರಡು ಪದರ ಹಾಕ್ತೇನಿ, ಕಾಕಾ. ತೂತಿನ ಮ್ಯಾಲ ತೂತು ಬರದಂಗ."

"ನಿನಗ ರಿಪೇರಿ ಬ್ಯಾಡಲೇ. ಇದಕ್ಕೊಂದು ಗೋರಿ ಕಟ್ಟು. ವರ್ಷಕ್ಕೊಮ್ಮೆ ಉರುಸು ಮಾಡೂನು."

ಹೀಗೆ ಅಂದವನೇ ಪ್ರತಿ ತಿಂಗಳು ಸೈಕಲ್ ತುಳಿದುಕೊಂಡು ಬರುತ್ತಿದ್ದ, ಬೋಲ್ಟು ಬಿಚ್ಚುವ ಒಂದು ಪಾನಾನೋ ಹಳೆಯ ಪ್ಲಗ್ಗೋ ಕಿಸೆಯಲ್ಲಿಟ್ಟುಕೊಂಡು.

ಫ್ಯಾನ್ ಬೆಲ್ಟಂತೂ ಕಳಕಪ್ಪ ನೇಯ್ದ. ಹತ್ತಿ ನೂಲು ನಾಲ್ಕು ಪದರ, ಮೇಣ ತಿಕ್ಕಿ, ತುದಿಯಿಲ್ಲದ ಹಾಗೆ ದುಂಡಗೆ. ಸೀಟಿನ ಹೊದಿಕೆಗೆ ಬಣ್ಣ ಕೆಟ್ಟ ಒಂದು ಸೀರೆಯನ್ನು ಮಾಲಕರಿಂದ ಬೇಡಿ ತಂದು, ಅದಕ್ಕೆ ತಾನೇ ಒಂದು ಕೆಂಪು ಸೆರಗು ನೇಯ್ದು ಕೂಡಿಸಿ ಹೊಲಿದ. ಬಾಗಲಕೋಟೆಯಿಂದ ಬಾದಾಮಿಯವರೆಗೆ ಸೆರಗು ಹೊದ್ದ ಕಾರು ಅದೊಂದೇ ಇದ್ದೀತು.

ಎರಡು ತಿಂಗಳು ಒಂದು ವರ್ಷವಾಯಿತು. ಮರುವರ್ಷ ಟ್ರಿಪ್ಪಿಗೆ ಹೋದಾಗ ರಾಮಲಿಂಗಪ್ಪ ಅದೇ ಗುಡಿಯ ನೆರಳಲ್ಲಿ ನಿಂತಿದ್ದ.

"ಗಾಡಿ ತರ್ಲಿಲ್ಲಲ್ರಿ ನಮ್ಮ ಅಳಿಯಾ."

"ಗಾಡಿದು ಕೆಲಸ ನಡದೈತ್ರಿ. ಇನ್ನ ತಯಾರ ಆಗಿಲ್ಲ."

"ತಯಾರ ಅಂದ್ರ? ಹೊಸಾದು ಮಾಡಸಾಕ್ಹತ್ಯಾನೇನು? ಬಾಡಗಿದು ತಂದ್ರ ಬ್ಯಾಡ ಅಂತೇವೇನ್ರಿ?"

ಇದನ್ನೂ ನಾನು ಯಥಾವತ್ತಾಗಿ ಮುಟ್ಟಿಸಿದೆ. ಕಳಕಪ್ಪನಿಗೆ ಅಪಮಾನವಾಯಿತು. "ಬಾಡಗಿ ಗಾಡಿ ತಗೊಂಡು ಹೆಂಡ್ತಿ ಕರಿಯಾಕ ಹೋಗ್ಲೇನ್ರಿ, ಮಾಸ್ತರ? ಮನ್ಯಾಗ ಗಾಡಿ ಇಟಗೊಂಡು?"

ನನಗೂ ಅದು ಸರಿಯಾದ ಮಾತೇ ಅನ್ನಿಸಿತು. ನಾನು ದಿನಾ ಬಾಗಿಲು ತೆಗೆದರೆ ಎದುರಿಗೆ ಕಾರು. ನಮ್ಮ ಓಣಿಯಲ್ಲಿ ಗಾಡಿ ಅಂದರೆ ಅದೊಂದೇ ಆಗಿತ್ತು. ಐಹೊಳೆಯಲ್ಲಿ ಗಾಡಿಗೆ ಬೇರೆ ಅರ್ಥ ಇದ್ದೀತೆಂದು ಹೊಳೆಯಬೇಕಾದರೆ ನಾನು ಐಹೊಳೆಯಲ್ಲಿ ಹುಟ್ಟಬೇಕಿತ್ತು, ಇಲ್ಲವೇ ಸ್ವಲ್ಪ ಕಡಿಮೆ ಓದಿರಬೇಕಿತ್ತು.

ಎಪ್ಪತ್ತೆಂಟರಲ್ಲಿ ರಾಮಲಿಂಗಪ್ಪ ತೀರಿಕೊಂಡ. ಕಳಕಪ್ಪ ಬಸ್ಸಿನಲ್ಲಿ ಅಮೀನಗಡಕ್ಕೆ ಹೋಗಿ, ಅಲ್ಲಿಂದ ನಡೆದು ಮಣ್ಣಿಗೆ ಮುಟ್ಟಿದ. ಗಂಡಸರ ಕಡೆ ನಿಂತು, ಮಣ್ಣು ಹಾಕಿದ; ಹೊರಡುವ ಮುಂದೆ ಬಾಗಿಲ ಹತ್ತಿರ ಯಮನವ್ವ ಸಿಕ್ಕಳು. ನಾಲ್ಕು ವರ್ಷದ ಮೇಲೆ ಅವನು ಆಡಿದ ಮಾತು ಇದು, ಅವನೇ ನನಗೆ ಹೇಳಿದ್ದು: "ಗಾಡಿ ಇನ್ನ ತಯಾರ ಆಗಿಲ್ಲ."

ಅವಳು ಅಂದದ್ದು: "ಇವತ್ತು ಅದರ ಮಾತ್ಯಾಕ್ರಿ."

ಬಂದು ಮೂರು ದಿನ ಕಾರನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಕುಣಿಗಿಳಿದ. ಅಲ್ಲಿ ಐಹೊಳೆಯಲ್ಲಿ ಅವಳೊಬ್ಬಳು, ಇಲ್ಲಿ ಇವನೊಬ್ಬ. ನಡುವೆ ಮೂವತ್ತು ಮೈಲಿಗೆ ಕಡಿಮೆ, ಮತ್ತು ಒಂದು ಶಬ್ದ. ರಾಮಲಿಂಗಪ್ಪ ಹೋದ ಮೇಲೆ ಹೆಡ್ಮಾಸ್ತರರು ಟ್ರಿಪ್ಪನ್ನು ಬಾದಾಮಿಗೂ ಶಿವಯೋಗ ಮಂದಿರಕ್ಕೂ ತಿರುಗಿಸಿದರು. ಸುದ್ದಿ ಒಯ್ಯುವ ಕೆಲಸವೂ ನಿಂತಿತು.

ಎಂಬತ್ತರ ಬೇಸಿಗೆಯಲ್ಲಿ ಒಂದು ಮುಂಜಾನೆ, ಹ್ಯಾಂಡಲ್ ಹಾಕಿ ತಿರುವಿದ ಹನ್ನೆರಡನೆಯ ಸುತ್ತಿಗೆ, ಕಾರು ಕೆಮ್ಮಿತು. ಮತ್ತೊಮ್ಮೆ ಕೆಮ್ಮಿ ಚಾಲೂ ಆಯಿತು. ಓಣಿಯ ನಾಯಿಗಳೆಲ್ಲ ಓಡಿಹೋದವು. ನಾನು ಹಲ್ಲುಜ್ಜುತ್ತ ಹೊರಗೆ ಬಂದೆ. ಪಡಸಾಲೆಯ ತುಂಬ ಹೊಗೆ, ಹೊಗೆಯೊಳಗೆ ಕಳಕಪ್ಪ ನಿಂತಿದ್ದ. ಖುಷಿಯಾದವನ ಮುಖ ಅದಲ್ಲ. ಪರೀಕ್ಷೆಗೆ ಓದಿ ಓದಿ, ಪರೀಕ್ಷೆಯ ತಾರೀಖು ತಿಳಿದ ಹುಡುಗನ ಮುಖ. ಅಂಥ ಮುಖ ನಾನು ದಿನಾ ನೋಡುವವನು, ನನಗೆ ಗೊತ್ತಾಗುತ್ತದೆ.

"ಮತ್ತೇನು, ನಾಳೆ ಹೊಂಟಿ?" ಅಂದೆ.

"ಬ್ರೇಕ್ ನೋಡಬೇಕ್ರಿ."

ಬ್ರೇಕಿಗೆ ನಾಲ್ಕು ತಿಂಗಳು. ಬಣ್ಣಕ್ಕೆ ಐದು; ಸೀರೆಗೆ ಹಾಕುವ ಬಣ್ಣದವರ ಹತ್ತಿರ ಹೋಗಿ ಡಾಳಿಂಬರ ಹೂವಿನ ಕೆಂಪು ಯಾವುದು, ಮಾವಿನ ಹಣ್ಣಿನದು ಯಾವುದು ಅಂತ ಚರ್ಚೆ ಮಾಡಿ, ಕಡೆಗೆ ಅಂಗಡಿಯಲ್ಲಿದ್ದ ಹಸಿರನ್ನು ಹಚ್ಚಿದ. ಅದೆಲ್ಲ ಮುಗಿದ ಮೇಲೆ ಮುಂದಿನ ಎಡಬಾಗಿಲಿಗೆ ಹಿಡಿಕೆ ಇಲ್ಲದ್ದು ಅವನ ಕಣ್ಣಿಗೆ ಬಿತ್ತು. ಮೊದಲಿನಿಂದಲೂ ಇರಲಿಲ್ಲ. ಆ ಬಾಗಿಲು ತೆಗೆಯಬೇಕಾದರೆ ಒಳಗಿನಿಂದ ಒದೆಯಬೇಕಿತ್ತು.

"ಆಕಿ ಕೂಡೂದು ಆ ಕಡೆ," ಅಂದ. "ಬಾಗಲಾ ತಗಿಯಾಕ ಬರಲಿಲ್ಲಂದ್ರ?"

"ಹಗ್ಗ ಕಟ್ಟು," ಅಂದೆ.

ನಾನು ಆಡಬಾರದ್ದನ್ನು ಆಡಿದ ಹಾಗೆ ನೋಡಿದ.

ಹಿಡಿಕೆ ಹುಡುಕುವುದು ಒಂದು ವರ್ಷ ನಡೆಯಿತು. ಬಾಗಲಕೋಟೆಯ ಗುಜರಿ ಅಂಗಡಿಗಳನ್ನು ಜಾಲಾಡಿದ. ಸಿಗಲಿಲ್ಲ ಅಂತ ಬಂದು ಹೇಳುವಾಗ ಅವನ ದನಿಯಲ್ಲಿ ನಿರಾಸೆ ಇರಬೇಕಾದಷ್ಟು ಇರುತ್ತಿರಲಿಲ್ಲ. ಸಿಗದಿದ್ದರೆ ಹೋಗುವ ಹಾಗಿಲ್ಲ, ಹೋಗದಿದ್ದರೆ ಅವಳು 'ಬರೂದಿಲ್ಲ' ಅನ್ನುವ ಹಾಗೂ ಇಲ್ಲ. ಹಿಡಿಕೆ ಎಲ್ಲೋ ಇದ್ದೇ ಇರುತ್ತದೆ ಎಂಬಷ್ಟು ನಂಬಿಕೆಯ ಮೇಲೆ ಒಂಟಿ ಮನುಷ್ಯ ಬಹಳ ದಿನ ರೊಟ್ಟಿ ಬಡಿದುಕೊಂಡು ಉಣ್ಣಬಲ್ಲ.

ಅದನ್ನು ಕೆಡಿಸಿದವನು ಖಾಸಿಂಸಾಬ. ಹುನಗುಂದದ ಒಂದು ಚಾದಂಗಡಿಯ ಬಚ್ಚಲು ಬಾಗಿಲಿಗೆ ಇಪ್ಪತ್ತು ವರ್ಷದಿಂದ ಇದ್ದ ಹಿಡಿಕೆಯನ್ನು ಒಂದು ದಿನ ಹಿಡಿದವನು, ಹಿಡಿದಲ್ಲೇ ನಿಂತು ಆಲೋಚನೆ ಮಾಡಿದ. ದಿನಕ್ಕೆ ಎರಡು ಸಲ ಅದನ್ನು ತಿರುವಿದ್ದ ಮನುಷ್ಯ. ಬಿಚ್ಚಿಸಿ, ಬೇರೆಯದು ಕೂಡಿಸಿಕೊಟ್ಟು, ಫೆಬ್ರುವರಿ ಏಳಕ್ಕೆ ತಂದ.

"ತಗೋ," ಅಂದ. "ತೊಳದೇನಿ."

ಹಿಡಿಕೆ ಕಚ್ಚನೆ ಕೂತಿತು. ಬಾಗಿಲು ತೆರೆಯಿತು, ಮುಚ್ಚಿತು. ಕಳಕಪ್ಪ ಏಳೆಂಟು ಸಲ ತೆಗೆದು ಹಾಕಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಬರೂ ರವಿವಾರ ನೀವು ಬರಬೇಕಾಗ್ತೈತ್ರಿ, ಮಾಸ್ತರ," ಅಂದ. "ಮಾತು ತಂದವ್ರು ನೀವು."

ರವಿವಾರ ಹೊರಟೆವು. ಅವನು ಗುಳೇದಗುಡ್ಡದ ಒಂದು ಖಣ, ತೆಂಗಿನಕಾಯಿ, ಅರಿಷಿಣ-ಕುಂಕುಮ ಒಂದು ಚೀಲದಲ್ಲಿ ಇಟ್ಟುಕೊಂಡಿದ್ದ. ನಾನು ಮುಂದಿನ ಎಡಬಾಗಿಲ ಹತ್ತಿರ ಹೋದೆ.

"ಹಿಂದ ಕೂಡ್ರಿ, ಮಾಸ್ತರ. ಅದು ಆಕಿದು."

ಹಿಂದೆ ಕೂತೆ, ಕೋಳಿಗಳ ಜಾಗದಲ್ಲಿ. ಹುನಗುಂದ ದಾಟುವಾಗ ಖಾಸಿಂಸಾಬ ರಸ್ತೆಯ ಮಗ್ಗುಲಿಗೆ ನಿಂತು, ಲಾರಿಗೆ ದಾರಿ ತೋರಿಸಿದ ಹಾಗೆ ಕೈ ಬೀಸಿದ. ಅಮೀನಗಡದಲ್ಲಿ ನಿಲ್ಲಿಸಿ ಕಳಕಪ್ಪ ಅರ್ಧ ಕಿಲೋ ಕರದಂಟು ಕಟ್ಟಿಸಿದ. ಅದನ್ನು ಮುಂದಿನ ಎಡಸೀಟಿನ ಮೇಲೆ ಇಟ್ಟ. ಸ್ವಲ್ಪ ಹೊತ್ತು ನೋಡಿ, ಸೆರಗಿಗೆ ಜಿಡ್ಡು ಹತ್ತೀತೆಂದು ತೆಗೆದು ನನ್ನ ಕೈಯಲ್ಲಿ ಕೊಟ್ಟ. ದಾರಿಯುದ್ದಕ್ಕೂ ಅವನು ಮಾತಾಡಿದ್ದು ಒಂದೇ: "ಬೆಲ್ಟು ತಡೀತು ನೋಡ್ರಿ."

ಯಮನವ್ವ ಮಗ್ಗದ ಮೇಲಿದ್ದಳು. ಲಾಳಿಯ ಸಪ್ಪಳ ಕಾರಿನ ಸಪ್ಪಳ ಕೇಳಿ ನಿಂತಿತು. ಕುಣಿಯಿಂದ ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ಬರ್ರಿ, ಮಾಸ್ತರ್ರ," ಅಂದಳು ನನಗೆ. ಗಂಡನ ಮುಂದೆ ನೀರಿನ ತಂಬಿಗೆ ಕಟ್ಟೆಯ ಮೇಲಿಟ್ಟಳು.

ಕಳಕಪ್ಪ ಕಾಲು ತೊಳೆಯಲಿಲ್ಲ. "ಗಾಡಿ ತಂದೇನಿ," ಅಂದ.

ಅವಳು ಕಾರನ್ನು ನೋಡಿದಳು. ಆಮೇಲೆ ಅದರ ಹಿಂದೆ, ಓಣಿಯ ತುದಿಯವರೆಗೆ, ಇನ್ನೇನೋ ಬರುವುದಿದೆ ಅನ್ನುವವಳ ಹಾಗೆ ನೋಡಿದಳು. "ಎಲ್ಲೈತ್ರಿ?"

"ಇದ."

"ಇದರಾಗ ಮಗ್ಗ ಹಿಡೀತೈತೇನ್ರಿ?"

ಹಿಡಿಯುವುದಿಲ್ಲವೆಂದು ಒಂದು ಮೇಕೆಗೂ ಕಾಣುವ ಹಾಗಿತ್ತು.

"ಅಪ್ಪ ಹೇಳಿ ಕಳಿಸಿದ್ದು ಎತ್ತಿನ ಗಾಡಿರಿ," ಅಂದಳು ಯಮನವ್ವ. "ಮಗ್ಗ ಹೇರಾಕ. ನಮ್ಮ ಚಕ್ಕಡಿಯೊಳಗ ತಂದಿದ್ವಿ, ನೀವು ನಿಮ್ಮ ಗಾಡಿಯೊಳಗ ಒಯ್ಯಬೇಕು, ಅದು ರೀತಿ." ನನ್ನ ಕಡೆ ತಿರುಗಿದಳು. "ನೀವು ಏನಂತ ಹೇಳಿದ್ರಿ, ಮಾಸ್ತರ್ರ?"

"ಗಾಡಿ ತರ್ಲಿ ಅಂತ."

"ಅಪ್ಪ ಏನಂದಿದ್ದ?"

"ಗಾಡಿ ತರ್ಲಿ ಅಂತನ."

ಅವಳು ತಲೆಯಾಡಿಸಿದಳು. ನನ್ನ ಮೇಲೆ ತಪ್ಪು ಹೊರಿಸಲಿಲ್ಲ. ಹೊರಿಸಿದ್ದರೆ ಅನುಕೂಲವಾಗುತ್ತಿತ್ತು. ಎಪ್ಪತ್ತಮೂರರಲ್ಲಿ ಕಾರು ನಮ್ಮ ಓಣಿಗೆ ಬಂದದ್ದು ಎರಡು ಎತ್ತಿನ ಹಿಂದೆ. ಆ ಎತ್ತುಗಳನ್ನೇ ಇನ್ನೊಂದು ದಿನ ಬಾಡಿಗೆಗೆ ಹಿಡಿದು ಐಹೊಳೆಗೆ ಹೊಡೆದಿದ್ದರೆ ಸಾಕಿತ್ತು.

"ಎಂಟ ವರ್ಷ ನಾ ಏನ ತಿಳ್ಕೊಂಡಿದ್ದೆ ಹೇಳ್ಲಿ?" ಅಂದಳು, ಈಗ ಗಂಡನಿಗೆ. "ಒಂದು ದಿನದ ಬಾಡಗಿ ಚಕ್ಕಡಿಗೆ ಈ ಮನಷ್ಯಾಗ ಮನಸು ಬರವಲ್ದು ಅಂತ ತಿಳ್ಕೊಂಡಿದ್ದೆ."

"ನಾ ದಿನಾ ಕೆಲಸ ಮಾಡೇನಿ," ಅಂದ ಕಳಕಪ್ಪ. "ಒಂದು ದಿನ ಬಿಟ್ಟಿಲ್ಲ."

"ಖರೆ ಇರಬೇಕು," ಅಂದಳು. ನಂಬದವಳ ಹಾಗಿರಲಿಲ್ಲ ಅದು.

ಆಮೇಲೆ ಕಟ್ಟೆ ಇಳಿದು ಕಾರಿನ ಹತ್ತಿರ ಬಂದಳು. ಎಡಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟಳು. ಬಾಗಿಲು ಒಂದೇ ಸಲಕ್ಕೆ, ಸಪ್ಪಳವಿಲ್ಲದೆ ತೆರೆಯಿತು. ಅವಳು ಒಳಗೆ ಬಗ್ಗಿ ಸೀಟಿನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಒಡಲು ಕೂಡುವಲ್ಲಿ ಉಗುರು ಆಡಿಸಿದಳು.

"ಇದು ಯಾರು ಮಾಡಿದ್ದು?"

"ನಾನ."

"ಕೊಂಡಿ ಸಡ್ಲ ಬಿದ್ದಾವು."

"ಬಿಗಿಯಾಗಿ ಒತ್ತಾಕ ಆಗ್ಲಿಲ್ಲ. ಮಂದಿ ಮಗ್ಗ."

"ಹ್ಞೂಂ," ಅಂದಳು. ಇನ್ನೂ ಸ್ವಲ್ಪ ಹೊತ್ತು ಬೆರಳು ಅಲ್ಲೇ ಇತ್ತು. ಬಾಗಿಲು ಮುಚ್ಚಿದಳು.

ಉಣ್ಣಲಿಕ್ಕೆ ರೊಟ್ಟಿ, ಪುಂಡಿಪಲ್ಯೆ, ಕೆನೆಮೊಸರು. ರೊಟ್ಟಿ ತೆಳ್ಳಗೆ, ದುಂಡಗೆ, ಎಲ್ಲ ಕಡೆ ಒಂದೇ ಬಣ್ಣ. ಕಳಕಪ್ಪ ಮೊದಲನೆಯ ರೊಟ್ಟಿಯನ್ನು ತಿರುವಿ ಹಿಂದೆ ಮುಂದೆ ನೋಡಿ ಮುರಿದ. ಐದು ತಿಂದ. ಕೈ ತೊಳೆದು ಮಗ್ಗದ ಹತ್ತಿರ ಹೋಗಿ ನಿಂತ. ನೇಕಾರ ಬೇರೆಯವರ ಮನೆಯಲ್ಲಿ ಮೊದಲು ನೋಡುವುದೂ ಕೊನೆಗೆ ನೋಡುವುದೂ ಅದನ್ನೇ. ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳು, ಅಂದರೆ ಹಾಸು, ಪೂರ್ತಿ ರೇಷ್ಮೆ; ಗೋಮಿ ದಡಿ.

"ಯಾರ ಆರ್ಡರ್?" ಅಂದ.

"ಯಾರದೂ ಅಲ್ಲ. ನಂದು."

ಅವನು ಬಹಳ ಹೊತ್ತು ದಡಿಯನ್ನು ನೋಡಿದ. ಎಂಟು ವರ್ಷ ರಿಪೇರಿ ಮಾಡಿದ ಮನುಷ್ಯ ಮಾಡದೆ ಬಿಟ್ಟ ರಿಪೇರಿ ಅದೊಂದೇ ಆಗಿತ್ತು.

"ನಾಳೆ ಚಕ್ಕಡಿ ತರ್ಲೇನು?" ಅಂದ ಕಡೆಗೆ.

ಯಮನವ್ವ ಖಣ, ತೆಂಗಿನಕಾಯಿ ಇದ್ದ ಚೀಲವನ್ನು ತಗೊಂಡು ದೇವರ ಮಾಡದಲ್ಲಿ ಇಟ್ಟಳು. "ಹಾಸು ಹಾಕೇನ್ರಿ," ಅಂದಳು. "ಹಾಸಿದ್ದ ಮಗ್ಗ ಕೀಳಬಾರದು, ನಿಮಗ ಗೊತ್ತಿರೂದ. ಹಾಸು ಮುಗೀಲಿ, ಬರ್ತೇನಿ."

ಕಳಕಪ್ಪನ ಮುಖ ನೋಡಿ ನನಗೆ ಕಸಿವಿಸಿಯಾಯಿತು. ನ್ಯಾಯದ ಮಾತು ಕೇಳಿದವನ ಮುಖ ಅದು, ಎಪ್ಪತ್ನಾಲ್ಕರ ಜನವರಿಯದ್ದೇ.

ಹೊರಟಾಗ ನಾನು ಮತ್ತೆ ಹಿಂದೆ ಕೂತೆ. ಮುಂದ ಬರ್ರಿ ಅಂತ ಅವನು ಅನ್ನಲಿಲ್ಲ. ಅಮೀನಗಡ ಬಂದ ಮೇಲೆ ಮಾತಾಡಿದ. "ಮೂರು ಸೀರಿದು ಹಾಸು. ಒಂದು ಆಕಿದು, ಎರಡು ಗಿರಾಕಿದು ಇರಬೇಕು. ರೇಷ್ಮಿ. ಮೂರು ತಿಂಗಳು ಹಿಡೀರಿ."

ಅವನು ಸುಮ್ಮನೆ ಕೂಡಲಿಲ್ಲ. ಓಣಿಯವರನ್ನು ಕರೆದು ಕಾರನ್ನು ಕುಣಿಯ ಮೇಲಿಂದ ಹೊರಗೆ ತಳ್ಳಿಸಿದ. ಸೀಮೆಎಣ್ಣೆ ಹಾಕಿ ಕುಣಿಯನ್ನು ತಿಕ್ಕಿದ, ಎಣ್ಣೆ ಕುಡಿದ ಮಣ್ಣನ್ನು ಒಂದು ಗೇಣು ಕೆತ್ತಿ ತೆಗೆದು ಹೊಸ ಕೆಂಪು ಮಣ್ಣು ಮೆತ್ತಿದ, ಸಗಣಿ ಸಾರಿಸಿದ. ಒಡೆದ ಗೋಡೆ ಕಟ್ಟಿಸಿದ. ಮೇ ತಿಂಗಳಿಗೆ ಚಕ್ಕಡಿಯವನಿಗೆ ಹೇಳಿಟ್ಟ. ಸಂಜೆ ಹೊತ್ತು ಖಾಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಿದ್ದ. "ಕಳಕಪ್ಪ, ಉಂಡಿ?" ಅಂತ ಕೇಳಿದರೆ ಈಗ ಮುಖ ಕಾಣುತ್ತಿತ್ತು. ಅದಕ್ಕೇ ಜನ ಕೇಳುವುದು ಕಡಿಮೆಯಾಯಿತು.

ಮೇ ಹೋಯಿತು, ಮಳೆಗಾಲ ಹೋಯಿತು. ಮುಂದಿನ ಜನವರಿಗೆ ನಾನು ಹೆಡ್ಮಾಸ್ತರರಿಗೆ ದುಂಬಾಲು ಬಿದ್ದು ಟ್ರಿಪ್ಪನ್ನು ಮತ್ತೆ ಐಹೊಳೆಗೆ ಹಾಕಿಸಿದೆ. ಯಮನವ್ವ ಮಗ್ಗದ ಮೇಲಿದ್ದಳು. ಗೋಡೆಯ ಗೂಟಕ್ಕೆ ಒಂದು ಕೆಂಪು ಸೆರಗಿನ ರೇಷ್ಮೆ ಸೀರೆ ಮಡಿಚಿ ಹಾಕಿತ್ತು. ಉಟ್ಟು ತೊಳೆದದ್ದು.

"ಹಾಸು ಮುಗೀತೇನವ್ವ?" ಅಂದೆ.

"ಮುಗಿಯಾಕ ಬಂದಿತ್ರಿ," ಅಂದಳು, ಕೈ ನಿಲ್ಲಿಸದೆ. "ಗೇಣುದ್ದ ಇರೂ ಮುಂದ ಹಳೀ ಹಾಸಿನ ತುದಿಗೆ ಹೊಸದು ಕೂಡಿಸಿದೆ. ಎಲ್ಲಾರೂ ಹಂಗ ಮಾಡ್ತಾರಲ್ರಿ. ಪೂರಾ ಮುಗಸಿಬಿಟ್ರ ಮತ್ತ ಎಳಿ ಒಂದೊಂದ ಹಣಿಗ್ಯಾಗ ಪೋಣಸಬೇಕು, ತಿಂಗಳ ಕೆಲಸ."

ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದವನು ನಾನು. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಕೂಡಿಸುತ್ತ ಹೋದರೆ ಮಗ್ಗ ಎಂದೂ ಬರಿದಾಗುವುದಿಲ್ಲವೆಂದು ನನಗೆ ಗೊತ್ತಿರಬೇಕಿತ್ತು. ಕಳಕಪ್ಪನಿಗಂತೂ ಗೊತ್ತೇ ಇತ್ತು, ಅವನು ದಿನಾ ಮಾಡುವ ಕೆಲಸ.

ಈ ಸಲ ಮಾತನ್ನು ಯಥಾವತ್ತಾಗಿ ಒಯ್ಯಲಿಲ್ಲ. ಕುಣಿಯ ಅಂಚಿಗೆ ನಿಂತು, "ಹಾಸು ಇನ್ನ ಮುಗಿದಿಲ್ಲಂತ," ಅಂದೆ.

"ರೇಷ್ಮಿ ಅಲ್ರಿ," ಅಂದ ಕಳಕಪ್ಪ. "ತಡಾ ಆಗ್ತೈತಿ."

ಎಂಬತ್ತೈದರಲ್ಲಿ ಖಾಸಿಂಸಾಬ ಕಾರನ್ನು ಬಿಚ್ಚಿ ಒಯ್ದ. ಎಡಬಾಗಿಲ ಹಿಡಿಕೆಯನ್ನು ಕಳಕಪ್ಪ ಇಟ್ಟುಕೊಂಡು, ಹೊಸ ಗೋಡೆಯ ಬಾಗಿಲಿಗೆ ಕೂಡಿಸಿದ. ಯಮನವ್ವ ಬರಲಿಲ್ಲ.